ಯಾತ್ರೆಯೋ, ಜಾತ್ರೆಯೋ?

ನನ್ನ ಸ್ನೇಹಿತರೊಬ್ಬರು ಅಂಟಾರ್ಕ್ಟಿಕಕ್ಕೆ ಹೋಗಿ ಬಂದಿದ್ದಾರೆ. ವಿಜ್ಞಾನಿಯಾಗಿ ಅಲ್ಲ, ನಿವೃತ್ತ ಎಂಜಿನಿಯರರಾಗಿ, ಸ್ವಂತ ಹಣ ತೆತ್ತು, ನೂರು ಚಿಲ್ಲರೆ ಪ್ರಯಾಣಿಕರ ಸಣ್ಣ ಹಡಗೊಂದರಲ್ಲಿ. ಬಂದವರು ಸುಮ್ಮನಿರಲಿಲ್ಲ. 'ದಕ್ಷಿಣ ಧ್ರುವದಲ್ಲಿ ಒಂದು ಸಾಹಸ' ಎಂಬ ಇನ್ನೂರು ಪುಟಗಳ ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, "ಮುನ್ನುಡಿ ಬೇಡ, ಅಭಿಪ್ರಾಯ ಬೇಕು. ದಾಕ್ಷಿಣ್ಯ ಮಾಡಬೇಡಿ" ಎಂದರು. ದಾಕ್ಷಿಣ್ಯ ಬೇಡವೆನ್ನುವವರು ಬಹುಮಟ್ಟಿಗೆ ಅದನ್ನೇ ಬಯಸುತ್ತಾರೆಂಬುದು ನನಗೆ ತಿಳಿಯದ್ದೇನಲ್ಲ. ಆದರೂ ಅವರ ಮಾತನ್ನು ನಂಬಿ, ಅವರ ಒಪ್ಪಿಗೆ ಪಡೆದೇ, ಇದನ್ನು ಬರೆಯುತ್ತಿದ್ದೇನೆ.

ಮೊದಲು ಶೀರ್ಷಿಕೆಯ ಜಗಳ. ಸ್ನೇಹಿತರು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಟು, ಫಾಕ್‌ಲ್ಯಾಂಡ್ ಮತ್ತು ದಕ್ಷಿಣ ಜಾರ್ಜಿಯಾ ದ್ವೀಪಗಳನ್ನು ಮುಟ್ಟಿ, ಅಂಟಾರ್ಕ್ಟಿಕ ಪರ್ಯಾಯದ್ವೀಪದ ಅಂಚಿನಲ್ಲಿ ಕೆಲವು ದಿನ ಸುತ್ತಿ, ಡ್ರೇಕ್ ಜಲಸಂಧಿ ದಾಟಿ ಮೂರು ವಾರಕ್ಕೆ ಮರಳಿದರು. ಅವರು ಕಂಡ ಕಟ್ಟಕಡೆಯ ದಕ್ಷಿಣವೆಂದರೆ ಸುಮಾರು 65 ಡಿಗ್ರಿ ಅಕ್ಷಾಂಶ. ಅಲ್ಲಿಂದ ಧ್ರುವ ಇನ್ನೂ 2,700 ಕಿಲೊಮೀಟರಿಗೂ ಹೆಚ್ಚು ದೂರ. ಕನ್ಯಾಕುಮಾರಿಯಲ್ಲಿ ನಿಂತು ಕಾಶ್ಮೀರವನ್ನು ಕಂಡೆನೆಂದ ಹಾಗಾಯಿತು. ಇದನ್ನು ಹೇಳಿದಾಗ ಅವರು ನಕ್ಕು, "ಧ್ರುವ ಪ್ರದೇಶ ಎಂದು ತಿದ್ದಿದರಾಯಿತಲ್ಲ" ಎಂದರು. ತಿದ್ದಬಹುದು. ಆದರೆ ನನಗೆ ಹೆಚ್ಚು ತೊಡಕಾಗಿ ಕಂಡದ್ದು ಇನ್ನೊಂದು ಶಬ್ದ, 'ಸಾಹಸ'.

ಈ ಶಬ್ದ ಅವರು ಹುಟ್ಟಿಸಿದ್ದಲ್ಲ. ಇಂಥ ಪ್ರವಾಸಗಳನ್ನು ನಡೆಸುವವರೇ ಅದಕ್ಕೆ 'ಎಕ್ಸ್‌ಪೆಡಿಷನ್' ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅದಕ್ಕೆ ಸರಿಹೊಂದುವ ಮಾತು ಯಾತ್ರೆ. ದಂಡಯಾತ್ರೆಯೂ ಯಾತ್ರೆ, ತೀರ್ಥಯಾತ್ರೆಯೂ ಯಾತ್ರೆ; ಅದರ ತದ್ಭವ ಜಾತ್ರೆ. ತತ್ಸಮದಲ್ಲಿ ಹೊರಟದ್ದು ತದ್ಭವದಲ್ಲಿ ಮುಗಿಯುವುದು ನಮ್ಮ ದೇವಸ್ಥಾನಗಳಲ್ಲಿ ಹೊಸದಲ್ಲ. ಹಿಮಖಂಡದಲ್ಲಿ ಅದು ನಡೆದ ಬಗೆಯನ್ನು ಸ್ವಲ್ಪ ನೋಡಬೇಕು.

1966ರಲ್ಲಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಎಂಬಾತ ಅರ್ಜೆಂಟೀನಾದ ನೌಕಾಪಡೆಯ ಹಡಗೊಂದನ್ನು ಬಾಡಿಗೆಗೆ ಹಿಡಿದು 57 ಮಂದಿಯನ್ನು ಅಲ್ಲಿಗೆ ಕರೆದೊಯ್ದ. ಮೂರು ವರ್ಷಗಳಲ್ಲಿ ಮಂಜುಗಡ್ಡೆಯ ಸಮುದ್ರಕ್ಕೆಂದೇ ಕೆಂಪು ಬಣ್ಣದ ಪುಟ್ಟ ಹಡಗನ್ನು ಕಟ್ಟಿಸಿದ. ಹಡಗನ್ನು ದೂರ ನಿಲ್ಲಿಸಿ ರಬ್ಬರ್ ದೋಣಿಗಳಲ್ಲಿ ಜನರನ್ನು ದಡಕ್ಕೆ ಒಯ್ಯುವುದು, ಸಂಜೆ ಪಕ್ಷಿಶಾಸ್ತ್ರಜ್ಞರಿಂದಲೋ ಇತಿಹಾಸಕಾರರಿಂದಲೋ ಉಪನ್ಯಾಸ ಕೊಡಿಸುವುದು: ಇಂದಿಗೂ ನಡೆಯುತ್ತಿರುವ ಕ್ರಮ ಆತ ಹಾಕಿಕೊಟ್ಟದ್ದೇ. ಉದ್ದೇಶ ಒಳ್ಳೆಯದಿತ್ತು, ಕಣ್ಣಾರೆ ಕಂಡವರು ಆ ನೆಲವನ್ನು ಕಾಯುತ್ತಾರೆಂದು ಆತ ನಂಬಿದ್ದ. ಆಗ 57 ಇದ್ದವರು ಈಗ ಒಂದೊಂದು ಬೇಸಿಗೆಗೆ ಲಕ್ಷ ಮೀರಿದ್ದಾರೆ. ಒಂದು ಸ್ಥಳದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ಇಳಿಯಕೂಡದು, ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರ ನಿಲ್ಲಬೇಕು ಎಂಬ ಕಟ್ಟಳೆಗಳಿವೆ. ಇಂಥ ಹಡಗುಗಳನ್ನು ನಡೆಸುವವರೇ 1991ರಲ್ಲಿ ಸಂಘ ಕಟ್ಟಿಕೊಂಡು ಇವನ್ನು ಪಾಲಿಸಿಕೊಂಡು ಬಂದಿದ್ದಾರೆ. ನಮ್ಮ ಎಷ್ಟೋ ಜಾತ್ರೆಗಳಿಗಿಂತ ಶಿಸ್ತಿನ ಜಾತ್ರೆ ಇದು, ಒಪ್ಪಬೇಕಾದ ಮಾತು.

ಆದರೆ ಈ ಜಾತ್ರೆಯಿಂದ ಹುಟ್ಟುವ ಸಾಹಿತ್ಯ? ನಾನು ಹಡಗು ಹತ್ತಿದವನಲ್ಲ, ಪುಸ್ತಕ ಓದಿದವನು. ಇಂಥ ಕಥನಗಳನ್ನು ಐದಾರು ಓದಿದರೆ ಆರನೆಯದನ್ನು ನಾವೇ ಬರೆಯಬಹುದು. ಜಲಸಂಧಿಯಲ್ಲಿ ವಾಂತಿ, ಮೊದಲ ಹಿಮಪರ್ವತ, ಪೆಂಗ್ವಿನ್ ವಸಾಹತಿನ ದುರ್ನಾತ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಂಜಿನ ನೀರಿಗೆ ಹಾರುವುದು, ಆಮೇಲೆ ಆ ಮೌನ. ಮೌನ ಮಾತಿಗೆ ನಿಲುಕದ್ದೆಂದು ಹೇಳಿ ಅದರ ಮೇಲೆ ಹನ್ನೆರಡು ಪುಟ. ನನ್ನ ಸ್ನೇಹಿತರು ಹದಿನಾಲ್ಕು ಬರೆದಿದ್ದಾರೆ. ದಕ್ಷಿಣ ಜಾರ್ಜಿಯಾದ ಗ್ರಿಟ್‌ವಿಕೆನ್‌ನಲ್ಲಿ, 1922ರಲ್ಲಿ ತೀರಿಕೊಂಡ ಶ್ಯಾಕಲ್ಟನ್‌ನ ಸಮಾಧಿಯಿದೆ. ಬಂದವರು ಅದರ ಮುಂದೆ ವಿಸ್ಕಿಯ ಲೋಟ ಎತ್ತಿ, ಒಂದು ಗುಟುಕು ತಾವು ಕುಡಿದು ಉಳಿದದ್ದನ್ನು ಸಮಾಧಿಗೆ ಎರೆಯುವುದು ರೂಢಿ. ಮದ್ಯ ಮುಟ್ಟದ ನಮ್ಮ ಸ್ನೇಹಿತರೂ ಲೋಟ ಎತ್ತಿ, ಆ ಕ್ಷಣ ತಾನೂ ಶ್ಯಾಕಲ್ಟನ್‌ನ ತಂಡದವನೇ ಎನಿಸಿತೆಂದು ಬರೆಯುತ್ತಾರೆ. ಮುಂದಿನ ಪುಟದಲ್ಲಿ ರಾತ್ರಿಯೂಟಕ್ಕೆ ಅಣಬೆಯ ಸೂಪು ಬರುತ್ತದೆ. ಸೂಪಿನ ಮೇಲೆ ನನಗೆ ಆಕ್ಷೇಪವಿಲ್ಲ. ತಂಡದವನೆನ್ನುವುದರ ಮೇಲೆ ಇದೆ.

ಏಕೆಂದರೆ ಆ ತಂಡಗಳವರು ಬರೆದ ಪುಸ್ತಕಗಳೂ ನಮ್ಮ ಮುಂದಿವೆ. ಆಪ್ಸ್ಲಿ ಚೆರ್ರಿ-ಗೆರಾರ್ಡ್ 1922ರಲ್ಲಿ ಪ್ರಕಟಿಸಿದ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್' ಅವುಗಳಲ್ಲಿ ಶ್ರೇಷ್ಠವೆಂದು ನನ್ನ ಮತ. 1911ರ ಚಳಿಗಾಲದ ಕತ್ತಲಲ್ಲಿ ಆತ ವಿಲ್ಸನ್ ಮತ್ತು ಬವರ್ಸ್ ಜೊತೆ ಎಂಪರರ್ ಪೆಂಗ್ವಿನ್‌ನ ಮೊಟ್ಟೆ ತರಲು ಐದು ವಾರ ಜಾರುಬಂಡಿ ಎಳೆದ. ಆತನಿಗೆ ವಿಪರೀತ ಸಮೀಪದೃಷ್ಟಿ. ಆ ಚಳಿಯಲ್ಲಿ ಕನ್ನಡಕ ಹಾಕುವಂತಿರಲಿಲ್ಲ. ಬಟ್ಟೆ ಮೈಮೇಲೆಯೇ ಹಲಗೆಯಂತೆ ಹೆಪ್ಪುಗಟ್ಟಿತು, ಹಲ್ಲುಗಳು ಬಿರಿದವು, ಬಿರುಗಾಳಿಗೆ ಡೇರೆ ಹಾರಿಹೋಗಿ ದೈವವಶಾತ್ ಮರಳಿ ಸಿಕ್ಕಿತು. ಐದು ಮೊಟ್ಟೆಗಳಲ್ಲಿ ಮೂರು ಉಳಿದವು. ಜೊತೆಗಿದ್ದ ಇಬ್ಬರೂ ಮರುವರ್ಷ ಸ್ಕಾಟ್ ಜೊತೆ ಧ್ರುವದಿಂದ ಮರಳುವ ದಾರಿಯಲ್ಲಿ ಸತ್ತರು. ಮೊಟ್ಟೆಗಳನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಒಯ್ದಾಗ ಅಲ್ಲಿಯವರು ಆತನನ್ನು ಅಂಗಡಿಗೆ ಸಾಮಾನು ತಂದ ಆಳಿನಂತೆ ಕಂಡರು. ಅವುಗಳಿಂದ ವಿಜ್ಞಾನಕ್ಕೆ ಹೆಚ್ಚೇನೂ ದೊರೆಯಲಿಲ್ಲವೆಂದು 1934ರಲ್ಲಿ ವರದಿಯಾಯಿತು.

ಪುಸ್ತಕ ದೊಡ್ಡದಾದದ್ದು ಆ ಕಷ್ಟದಿಂದಲ್ಲ. ಬದುಕುಳಿದವನ ಮುಜುಗರ ಅದರ ವಾಕ್ಯವಾಕ್ಯದಲ್ಲೂ ಇದೆ. ಹೋದದ್ದು ಸಾರ್ಥಕವೇ ಎಂಬ ಪ್ರಶ್ನೆಯನ್ನು ಆತ ಮುಚ್ಚಿಡುವುದಿಲ್ಲ. ನಮ್ಮ ಕಾಲದ ಪ್ರಯಾಣಿಕ ಎರವಲು ತರುವುದು ಆತನ ವಿಶೇಷಣಗಳನ್ನು; ಪ್ರಶ್ನೆಯನ್ನಲ್ಲ.

"ಅಪಾಯ ನಮಗೂ ಇತ್ತು" ಎಂದು ಸ್ನೇಹಿತರು ವಾದಿಸಿದರು. ಇತ್ತು, ಸುಳ್ಳಲ್ಲ. ಲಿಂಡ್‌ಬ್ಲಾಡ್‌ನ ಅದೇ ಕೆಂಪು ಹಡಗು 2007ರ ನವೆಂಬರ್ 23ರಂದು ಮಂಜುಗಡ್ಡೆಗೆ ತಗುಲಿ ದಕ್ಷಿಣ ಶೆಟ್ಲಂಡ್ ದ್ವೀಪಗಳ ಬಳಿ ಮುಳುಗಿತು. ಹಡಗಿನಲ್ಲಿದ್ದ 154 ಮಂದಿಯೂ ತೆರೆದ ದೋಣಿಗಳಲ್ಲಿ ಗಂಟೆಗಟ್ಟಲೆ ಕಾದು, ಬೇರೆ ಪ್ರವಾಸಿ ಹಡಗೊಂದು ಬಂದು ಎತ್ತಿಕೊಂಡದ್ದರಿಂದ ಉಳಿದರು. ಅವರಲ್ಲೊಬ್ಬರು ಆ ಚಳಿಯ ಗಂಟೆಗಳನ್ನು ಇದ್ದಂತೆ ಬರೆದರೆ ನಾನು ಆಸಕ್ತಿಯಿಂದ ಓದುವೆ. ಆಗದ ಅಪಾಯವನ್ನು ಶೈಲಿಯಿಂದ ತುಂಬುವುದು ಬೇರೆ ಮಾತು.

ಹಾಗಾದರೆ ಪ್ರಯಾಣಿಕ ಬರೆಯಲೇಬಾರದೆ? ಬರೆಯಬಹುದೆಂಬುದಕ್ಕೆ ಜೆನ್ನಿ ಡಿಸ್ಕಿಯ 'ಸ್ಕೇಟಿಂಗ್ ಟು ಅಂಟಾರ್ಕ್ಟಿಕಾ' (1997) ಸಾಕ್ಷಿ. ಆಕೆ ಹೋದದ್ದೂ ಇಂಥದೇ ಸಣ್ಣ ಹಡಗಿನಲ್ಲಿ. ಸಾಹಸದ ಸೋಗು ಮೊದಲಿಂದಲೂ ಇಲ್ಲ. ಬಿಳಿಯ ಬಣ್ಣ ಬೇಕಿತ್ತು, ಬಿಳಿಯ ಬಣ್ಣವಲ್ಲದೆ ಬೇರೇನೂ ಬೇಡವಾಗಿತ್ತು, ಅದಕ್ಕೆ ಹೊರಟೆ ಎನ್ನುತ್ತಾಳೆ. ಹಡಗಿನ ದಿನಗಳ ನಡುನಡುವೆ, ದಶಕಗಳಿಂದ ಕಣ್ಣಿಗೆ ಬೀಳದ ತಾಯಿ ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಮಗಳು ದಾಖಲೆ ಹುಡುಕುವ ಕಥೆ ಸಾಗುತ್ತದೆ. ಅಷ್ಟು ದೂರ ಹೋಗಿ ಆ ನೆಲದ ಮೇಲೆ ಕಾಲಿಡದೆ ಇದ್ದರೆ ಹೇಗೆ ಎಂದು ತನ್ನ ಕೋಣೆಯಲ್ಲಿ ಮಲಗಿ ಯೋಚಿಸುವ ಪ್ರಯಾಣಿಕಳನ್ನು ನಾನು ಬೇರೆ ಯಾವ ಕಥನದಲ್ಲೂ ಕಂಡಿಲ್ಲ. ಆಕೆಗೆ ಹಿಮ ಅಲಂಕಾರವಲ್ಲ, ಅವಿತುಕೊಳ್ಳುವ ಜಾಗ. ಸಹಪ್ರಯಾಣಿಕರನ್ನು ಕುಟುಕುವಾಗ ಕೆಲವೊಮ್ಮೆ ಮಾತು ಅತಿಯಾಗುತ್ತದೆ, ಅದೊಂದು ದೋಷ.

ಇಷ್ಟು ಹೇಳಿದ ಮೇಲೆ, ಸ್ನೇಹಿತರ ಹಸ್ತಪ್ರತಿಯ 83ನೆಯ ಪುಟದ ಬಗ್ಗೆ ಹೇಳದಿದ್ದರೆ ಅನ್ಯಾಯ. ದಕ್ಷಿಣ ಜಾರ್ಜಿಯಾ ಮುಟ್ಟುವ ಹಿಂದಿನ ದಿನ ಎಲ್ಲರ ಬಟ್ಟೆಬರೆ, ಬೂಟು, ಚೀಲಗಳ ತಪಾಸಣೆ. ಹೊರಗಿನ ಒಂದು ಬೀಜವೂ ದ್ವೀಪಕ್ಕೆ ಹೋಗಕೂಡದು. ತಿಮಿಂಗಿಲ ಮತ್ತು ಸೀಲ್ ಬೇಟೆಯವರ ಹಡಗುಗಳಿಂದ ಇಳಿದ ಇಲಿಗಳನ್ನು ಅಲ್ಲಿಂದ ತೊಲಗಿಸಿದ್ದು ಖಚಿತವಾಗಲು 2018 ಬರಬೇಕಾಯಿತು; ಆ ಎಚ್ಚರಿಕೆ ಸಹಜ. ಹಡಗಿನ ಹುಡುಗಿಯೊಬ್ಬಳು ಮೊಣಕಾಲೂರಿ ಕುಳಿತು, ಇವರ ಕೈಚೀಲದ ಹೊಲಿಗೆಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಕೊನೆಗೆ ಚಿಮುಟದಲ್ಲಿ ಒಂದು ಸಾಸಿವೆ ಕಾಳನ್ನು ಹೊರತೆಗೆದಳು. ಮನೆಯಾಕೆ ದಾರಿಗೆ ಕಟ್ಟಿಕೊಟ್ಟ ಅವಲಕ್ಕಿಯದು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಮೊಳೆಯುವುದಿಲ್ಲವೆಂದು ಹೇಳಬೇಕೆನಿಸಿತಂತೆ, ಇಂಗ್ಲಿಷಿನಲ್ಲಿ ಒಗ್ಗರಣೆಗೆ ಮಾತು ಸಿಗದೆ ಸುಮ್ಮನಾದರಂತೆ. ಆಕೆ ಅದನ್ನು ಲಕೋಟೆಯಲ್ಲಿ ಹಾಕಿ ಮುಚ್ಚಿ, ಅವರ ಹೆಸರು ಬರೆದು, ಸಹಿ ಮಾಡಿಸಿಕೊಂಡಳು. ಆ ರಾತ್ರಿ ತನ್ನ ಇಡೀ ಮೈ ಒಂದು ಚೀಲದಂತೆ ಕಂಡಿತೆಂದು ಬರೆದಿದ್ದಾರೆ. ಇನ್ನೂರು ಪುಟಗಳಲ್ಲಿ ವಿಶೇಷಣವೇ ಇಲ್ಲದ ಪುಟ ಇದೊಂದೇ. ಇದನ್ನು ಶ್ಯಾಕಲ್ಟನ್ ಬರೆಯಲಾರ, ಚೆರ್ರಿ-ಗೆರಾರ್ಡ್ ಬರೆಯಲಾರ.

ಅವರಿಗೆ ಇದನ್ನು ಹೇಳಿದೆ. "ಅದನ್ನು ತೆಗೆದುಹಾಕಬೇಕೆಂದಿದ್ದೆನಲ್ಲ, ಓದಿದವರು ನಗುತ್ತಾರೆಂದು" ಎಂದರು. ಮೊನ್ನೆ ತಿದ್ದಿದ ಪ್ರತಿ ಬಂದಿದೆ. ಮೌನದ ಹದಿನಾಲ್ಕು ಪುಟ ನಾಲ್ಕಕ್ಕೆ ಇಳಿದಿದೆ; ಸಾಸಿವೆ ಉಳಿದಿದೆ. ಶೀರ್ಷಿಕೆಯಲ್ಲಿ 'ಧ್ರುವ' ಹೋಗಿದೆ, 'ಸಾಹಸ' ಇನ್ನೂ ಹಾಗೇ ಇದೆ. ಆ ವಿಷಯ ಮಾತಾಡಲು ಭಾನುವಾರ ಅವರ ಮನೆಗೆ ಹೋಗಬೇಕು.