ಮರದ ದನಿ, ಮೈಕಿನ ದನಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಊರು ಯಾವುದೇ ಇರಲಿ, ಜಾತ್ರೆ ಗಣಪತಿ ಹಬ್ಬ ಎಂದರೆ ರಸಮಂಜರಿ ಇರಬೇಕು. ಅಂಥಲ್ಲಿ ನಾನು ಕೇಳಿದ ಮಟ್ಟಿಗೆ ಅತಿ ಹೆಚ್ಚು ಅನ್ಯಾಯವಾಗುವುದು ಮರದ ಪೆಟ್ಟಿಗೆಯ ಗಿಟಾರಿಗೆ. ವೇದಿಕೆಯ ಹಿಂದೆ ಹುಡುಗಿಯೊಬ್ಬಳು ತನ್ನಷ್ಟಕ್ಕೆ ನುಡಿಸಿಕೊಳ್ಳುವಾಗ ತಂಬೂರಿಯಂತೆ ತುಂಬಿದ ದನಿ. ವೈರು ಸಿಕ್ಕಿಸಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ! ಪಕ್ಕದವರು, “ಆಕಿಗೆ ಇನ್ನೂ ಕೈ ಕುಂತಿಲ್ರೀ” ಎನ್ನುತ್ತಾರೆ. ಕೈ ಕೂತಿದೆ ತಾಯಿ, ಕೂರದಿರುವುದು ಮೈಕ್ ಸೆಟ್ಟು.

ತಂಬೂರಿಯಂತೆ ಗಿಟಾರಿಗೂ ತಂತಿ ಹೊರುವ ಕುದುರೆಯುಂಟು. ವೈರು ಹಾಕುವ ಗಿಟಾರಿನಲ್ಲಿ ಸಾಮಾನ್ಯವಾಗಿ ಅದರೊಳಗೆ, ತಂತಿಯ ಅಡಿಗೆ, ತೆಳ್ಳನೆಯ ಪಟ್ಟಿಯೊಂದನ್ನು ಇಟ್ಟಿರುತ್ತಾರೆ. ಒತ್ತಿದರೆ ವಿದ್ಯುತ್ತು ಹುಟ್ಟಿಸುವುದು ಅದರ ಗುಣ. ಕೆಲವು ಹರಳುಗಳ ಈ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ತೋರಿಸಿಕೊಟ್ಟರು. ನಮ್ಮ ಗ್ಯಾಸ್ ಲೈಟರ್ ಟಕ್ಕೆಂದು ಕಿಡಿ ಹಾರಿಸುವುದೂ ಇದರಿಂದಲೇ. ಆ ಪಟ್ಟಿಗೆ ತಂತಿಯ ಮಿಡಿತ ಚೆನ್ನಾಗಿ ಗೊತ್ತು. ಪೆಟ್ಟಿಗೆಯ ಗಾಳಿಯೂ ಮರವೂ ಕೂಡಿ ಆಡುವ ಮಾತು ಅಷ್ಟಾಗಿ ಗೊತ್ತಿಲ್ಲ. ದನಿ ಒಣಗುವುದು ಅದಕ್ಕೇ.

ಇದಕ್ಕೆ ದುಬಾರಿ ಮದ್ದು ಬೇಡ. ಗಿಟಾರಿನ 9 ವೋಲ್ಟ್ ಬ್ಯಾಟರಿ ಹೊಸದಿರಲಿ. ಬ್ಯಾಟರಿಯಿಲ್ಲದ ಗಿಟಾರಾದರೆ ನಡುವೆ ಪ್ರಿ-ಆಂಪ್ ಬೇಕು; ನೇರ ಮಿಕ್ಸರಿಗೆ ಕೊಟ್ಟರೆ ದನಿ ಬಡಕಲಾಗುತ್ತದೆ. ಮಿಕ್ಸರಿನಲ್ಲಿ 1ರಿಂದ 3 ಕಿಲೋಹರ್ಟ್ಸ್ ನಡುವೆ ಕಿವಿ ಚುಚ್ಚುವ ಭಾಗವನ್ನು ತುಸು ಇಳಿಸಬೇಕು. ದೊಡ್ಡ ಸ್ಪೀಕರುಗಳು ನುಡಿಸುವವಳಿಗಿಂತ ಮುಂದಿರಬೇಕು. ಹಿಂದಿದ್ದರೆ ಆ ಸದ್ದಿಗೆ ಪೆಟ್ಟಿಗೆಯೇ ಅದುರಿ ಗುಂಯ್ ಎನ್ನುತ್ತದೆ. ಅಷ್ಟಾದರೂ ಗುಂಯ್ ನಿಲ್ಲದಿದ್ದರೆ ಗಿಟಾರಿನ ತೂತಿಗೊಂದು ರಬ್ಬರ್ ಮುಚ್ಚಳ ಸಾಕು.

ಇಷ್ಟಕ್ಕೆ ಬೇಕಾದದ್ದು ಹತ್ತು ನಿಮಿಷ. ಅತಿಥಿಗಳ ಮೈಕಿಗೆ ಅರ್ಧ ತಾಸು “ಹಲೋ, ಹಲೋ” ಎನ್ನುವವರು ಅವಳಿಗೆ ಹತ್ತು ನಿಮಿಷ ಕೊಡುವುದಿಲ್ಲ. ದೂರು ಮೈಕಿನವರದೊಂದೇ ಅಲ್ಲ. ಸದ್ದು ಜೋರಾದರೆ ಕಾರ್ಯಕ್ರಮ ಗೆದ್ದಿತು ಎಂದು ನಾವೂ ನಂಬಿದ್ದೇವೆ. ಸಾರಿಗೆ ಖಾರ ಸುರಿದು ಬೇಳೆಯ ರುಚಿ ಹುಡುಕಿದರೆ ಸಿಕ್ಕೀತೆ?

ನನಗೆ ಕಸಿವಿಸಿಯಾಗುವುದು ಆ ಹುಡುಗಿಯನ್ನು ನೆನೆದು. ನಾಲ್ಕು ಮಂದಿಯ ಮುಂದೆ ಕೂರಲು ಮನೆಯವರ ಒಪ್ಪಿಗೆ ಪಡೆದೇ ಅವಳು ಬಂದಿರುತ್ತಾಳೆ. ಸ್ಪೀಕರಿನ ಕರ್ಕಶವನ್ನು ತನ್ನ ಬೆರಳಿನ ತಪ್ಪೆಂದು ತಿಳಿದು ಗಿಟಾರನ್ನು ಅಟ್ಟಕ್ಕೇರಿಸಿದರೆ ಮತ್ತೆ ಇಳಿಸುವವರು ಯಾರು? ಮುಂದಿನ ಸಲ ಮುಂದಿನ ಸಾಲಿನಲ್ಲಿ ಕೂತ ನಾವೇ ಎದ್ದು ಹೇಳೋಣ: “ಅಣ್ಣಾ, ಚೂರು ಇಳಸ್ರಿ. ಹುಡುಗಿ ನುಡಸೋದು ಕೇಳಬೇಕು.”