ಒಂದೇ ಹೊಳ್ಳೆಯ ನೆಗಡಿ

ನೆಗಡಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಕಾಡುತ್ತದೆ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಂಡು ಸಿಂಬಳದಲ್ಲಿ ರಕ್ತದ ಎಳೆ ಕಂಡರೆ, ಅದಕ್ಕೊಂದು ಹೆಸರಿಡುವ ಮೊದಲು ಮೂಗಿನೊಳಗೆ ಇಣುಕಿ ನೋಡಬೇಕು. ಮೇಲ್ದವಡೆಯ ಸೈನಸ್ಸಿನ ಗಡ್ಡೆಗಳ ವಿಷಯದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಚಿಕಿತ್ಸೆಯ ರೂಢಿ ಎಡವುವುದೇ ಇಲ್ಲಿ. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನಿಗೆ ಅದು ಹೊಟ್ಟಿನ ಅಲರ್ಜಿ, ಗಿಣಿಗೇರಿಯವನಿಗೆ ಕಾರ್ಖಾನೆಯ ಧೂಳು, ಉಳಿದವರಿಗೆ ‘ಸೈನಸ್ ಆಗೇತಿ’. ಐದು ದಿನದ ಮಾತ್ರೆ, ಒಂದು ಸ್ಪ್ರೇ. ತಿಂಗಳಾದ ಮೇಲೆ ಮತ್ತೆ ಅದೇ ಚೀಟಿ.

ಸೈನಸ್ ಎಂಬ, ಕೆನ್ನೆಯ ಎಲುಬಿನೊಳಗಿನ ಈ ಗಾಳಿಗೂಡು ಸುಮಾರು 15 ಮಿಲಿಲೀಟರ್‌ನಷ್ಟು ದೊಡ್ಡದು. ಗೂಡು ತುಂಬುವವರೆಗೆ ಗಡ್ಡೆ ಸದ್ದಿಲ್ಲದೆ ಬೆಳೆಯುತ್ತದೆ. ಗೋಡೆ ಒಡೆದಾಗ ಯಾವ ಗೋಡೆಯೋ ಆ ಲಕ್ಷಣ: ಕೆಳಕ್ಕೆ ಬಂದರೆ ಮೇಲಿನ ದವಡೆಹಲ್ಲು ಅಲುಗಾಡುತ್ತದೆ, ಮುಂದಕ್ಕೆ ಬಂದರೆ ಕೆನ್ನೆ ಉಬ್ಬಿ ಜೋಮು ಹಿಡಿಯುತ್ತದೆ, ಮೇಲಕ್ಕೆ ಹೋದರೆ ಕಣ್ಣುಗುಡ್ಡೆ ಹೊರಚಾಚುತ್ತದೆ. ಕಣ್ಣಿನ ಒಳಮೂಲೆಯಿಂದ ಕೆಳದವಡೆಯ ಮೂಲೆಗೆ ಗೆರೆ ಎಳೆದು, ಅದರ ಕೆಳಗೆ ಮತ್ತು ಮುಂದೆ ಇರುವ ಗಡ್ಡೆಗಳಿಗೆ ಗುಣದ ಆಸೆ ಹೆಚ್ಚು ಎಂದು ಸ್ವೀಡನ್ನಿನ ವೈದ್ಯ ಓಂಗ್ರೆನ್ 1933ರಲ್ಲಿಯೇ ಹೇಳಿದ್ದರು. ವಿಚಿತ್ರವೆಂದರೆ, ಗುಣವಾಗಬಲ್ಲ ಆ ರೋಗಿ ಮೊದಲು ಹೋಗುವುದು ಹಲ್ಲಿನ ಡಾಕ್ಟರ ಬಳಿಗೆ. ಹುಳುಕಿಲ್ಲದ ಹಲ್ಲು ಯಾಕೆ ಅಲುಗಾಡುತ್ತಿದೆ ಎಂದು ಕೇಳದೆ ಕಿತ್ತರೆ, ಗಾಯ ಮಾಯುವುದಿಲ್ಲ. ಕಿತ್ತ ಜಾಗದಿಂದಲೇ ಮಾಂಸ ಮೇಲೇಳುತ್ತದೆ.

ಇದನ್ನು ಗುರುತಿಸುವ ಶಕ್ತಿ ನಮ್ಮ ಭಾಗಕ್ಕಿಲ್ಲ ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. 2021ರಲ್ಲಿ ಕೊರೊನಾದ ಹಿಂದೆಯೇ ಕಪ್ಪು ಶಿಲೀಂಧ್ರ ಬಂದಾಗ ಕೆನ್ನೆಯ ಬಾವು, ಅಲುಗಾಡುವ ಹಲ್ಲು, ಮೂಗಿನ ರಕ್ತ ಇವೆಲ್ಲ ಮನೆಮಾತಾದವು. ನಳಿಗೆ ಹಾಕಿ ಮೂಗಿನೊಳಗೆ ನೋಡುವ ಎಂಡೋಸ್ಕೋಪಿ, ಸ್ಕ್ಯಾನು, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಗಬೇಗ ನಡೆದವು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಂಥ ಕಡೆ ಶಸ್ತ್ರಚಿಕಿತ್ಸೆಗಳೂ ಆದವು. ಗಡ್ಡೆಯ ಲಕ್ಷಣಗಳೂ ಹೆಚ್ಚುಕಡಿಮೆ ಅವೇ. ಶಿಲೀಂಧ್ರದ ಭಯ ಹೋಯಿತು, ಆ ಎಚ್ಚರವೂ ಅದರೊಟ್ಟಿಗೇ ಹೋಯಿತು. 2015ರಿಂದ ಕೊಪ್ಪಳದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕಿವಿ-ಮೂಗು-ಗಂಟಲು ವಿಭಾಗ, ಬಯಾಪ್ಸಿ ನೋಡುವ ವಿಭಾಗ ಇಲ್ಲದೆ ಅಂಥ ಕಾಲೇಜು ನಡೆಯುವುದಿಲ್ಲ. ಮೊದಲ ಪರೀಕ್ಷೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವರೆಗೆ ಹೋಗಬೇಕಾದ ಕಾಲ ಇದಲ್ಲ.

ಎಕ್ಸ್‌ರೇಯ ಮೇಲಿನ ನೆಚ್ಚಿಕೆ ಇನ್ನೊಂದು ತೊಡಕು. ಕೀವು ತುಂಬಿದರೂ ಗಡ್ಡೆ ತುಂಬಿದರೂ ಎಕ್ಸ್‌ರೇಯಲ್ಲಿ ಕಾಣುವುದು ಅದೇ ಬಿಳಿ ಮಸುಕು. ಎಲುಬು ಸವೆದಿದೆಯೇ ಎಂದು ಹೇಳಬೇಕಾದದ್ದು ಸಿಟಿ ಸ್ಕ್ಯಾನು, ಕಣ್ಣಿಗೆ ಮೆದುಳಿಗೆ ಹರಡಿದೆಯೇ ಎಂದು ಹೇಳಬೇಕಾದದ್ದು ಎಂಆರ್‌ಐ. ಇನ್ನು ಬಯಾಪ್ಸಿಯ ವಿಷಯ. ‘ಸೂಜಿ ಚುಚ್ಚಿದರೆ ಗಡ್ಡೆ ಕೆರಳತೈತಿ’ ಎಂಬ ಊರಿನ ಮಾತನ್ನು ಡಾಕ್ಟರರು ನಕ್ಕು ತಳ್ಳಿಹಾಕುತ್ತಾರೆ. ನಗುವ ಮುಂಚೆ ಒಂದು ಒಪ್ಪಿಕೊಳ್ಳಬೇಕು: ತುಟಿಯ ಮೇಲ್ಭಾಗದ ಒಸಡು ಕೊಯ್ದು, ಮುಂದಿನ ಎಲುಬು ಒಡೆದು ಚೂರು ತೆಗೆದರೆ ರೋಗ ಕೆನ್ನೆಯ ಮಾಂಸಕ್ಕೆ ದಾಟುವ ಅಪಾಯ ನಿಜಕ್ಕೂ ಇದೆ. ಸಾಧ್ಯವಿದ್ದಷ್ಟೂ ಮೂಗಿನ ಮೂಲಕವೇ ತೆಗೆಯಬೇಕು ಎನ್ನುವುದು ಅದಕ್ಕೇ. ಸೂಜಿಗಿಂತ ದೊಡ್ಡ ತಪ್ಪು, ಪಾಲಿಪ್ (ಮೂಗಿನೊಳಗಿನ ಸಾಮಾನ್ಯ ಮಾಂಸದುಬ್ಬು) ಎಂದು ಕತ್ತರಿಸಿದ್ದನ್ನು ಪರೀಕ್ಷೆಗೆ ಕಳಿಸದೆ ಬಿಸಾಡುವುದು. ಅದು ಇನ್‌ವರ್ಟೆಡ್ ಪ್ಯಾಪಿಲೋಮ ಆಗಿದ್ದರೆ ಕ್ಯಾನ್ಸರ್ ಅಲ್ಲ ನಿಜ. ಆದರೆ ಬುಡ ಉಳಿದರೆ ಮತ್ತೆ ಬೆಳೆಯುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ.

ರೋಗಿಯ ಕಸುಬನ್ನೂ ಕೇಳಬೇಕು. ಗಟ್ಟಿ ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣ ಎಂಬುದು ಇಂಗ್ಲೆಂಡಿನ ಪೀಠೋಪಕರಣ ಕೆಲಸಗಾರರಲ್ಲಿ 1960ರ ದಶಕದಲ್ಲಿಯೇ ಕಂಡುಬಂತು. ನಮ್ಮ ಕಿನ್ನಾಳದ ಕುಶಲಕರ್ಮಿಗಳು ಗೊಂಬೆಗೆ ಬಳಸುವುದು ಹಗುರ ಮರ, ಗಟ್ಟಿ ಮರವಲ್ಲ. ಹೆದರಿಸಲು ಈ ಮಾತು ಹೇಳುತ್ತಿಲ್ಲ. ಆದರೆ ಬಡಗಿಯ ಚೀಟಿಯಲ್ಲಿ ‘ಬಡಗಿ’ ಎಂದು ಬರೆದಿರಲಿ.

ಚಿಕಿತ್ಸೆಯಲ್ಲಿ ಮೆಚ್ಚಬೇಕಾದದ್ದಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುವುದರಿಂದ ದವಡೆಯ ಶಸ್ತ್ರಚಿಕಿತ್ಸೆಗೆ ಹೊಲ ಮಾರುವ ಪ್ರಮೇಯ ಕಡಿಮೆಯಾಗಿದೆ. ದಾರಿ ತಪ್ಪುವುದು ಆಮೇಲೆ. ಮುಂದುವರಿದ ರೋಗದಲ್ಲಿ ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ಕರೆಂಟು (ವಿಕಿರಣ ಚಿಕಿತ್ಸೆ) ಕೊಡಲು ಶುರು ಮಾಡಬೇಕು. ವಾರಕ್ಕೆ ಐದು ದಿನದಂತೆ ಮತ್ತೆ ಸುಮಾರು ಆರು ವಾರ ಕೊಡಬೇಕು. ಕುಷ್ಟಗಿಯ ಕೂಲಿಯವ ಅಷ್ಟು ದಿನ ಹುಬ್ಬಳ್ಳಿಯಲ್ಲಿ ಎಲ್ಲಿ ಮಲಗಬೇಕು, ಜೊತೆಗಿರುವವರ ಕೂಲಿ ಯಾರು ಕೊಡಬೇಕು? ಹೊಲಿಗೆ ಬಿಚ್ಚಿದ್ದೇ ‘ಆರಾಮಾತು’ ಎಂದು ಊರಿಗೆ ಬಂದುಬಿಡುವುದು ಬರೀ ಅಜ್ಞಾನದಿಂದಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಮೇಲ್ದವಡೆಯ ಜೊತೆ ಅಂಗುಳವನ್ನೂ ತೆಗೆದರೆ ಆಮೇಲೆ ಬಾಯಿಗೂ ಮೂಗಿಗೂ ಒಂದೇ ದಾರಿಯಾಗುತ್ತದೆ. ಕುಡಿದ ಅಂಬಲಿ ಮೂಗಿನಲ್ಲಿ ಬರುತ್ತದೆ, ಮಾತು ಗೊಣಗಾಗಿ ಮನೆಯವರಿಗೂ ತಿಳಿಯುವುದಿಲ್ಲ. ಆ ತೂತು ಮುಚ್ಚುವ ಕೃತಕ ಅಂಗುಳದ ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತೆಗೆದುಕೊಳ್ಳಬೇಕು. ಗಾಯ ಕುಗ್ಗಿದಂತೆ ಬದಲಾಯಿಸಬೇಕು. ಇದನ್ನು ಚಿಕಿತ್ಸೆಯ ಭಾಗವೆಂದು ಲೆಕ್ಕಿಸದ ಆಸ್ಪತ್ರೆಯ ಕೆಲಸವನ್ನು ಅರ್ಧ ಕೆಲಸ ಎಂದೇ ಕರೆಯುತ್ತೇನೆ.

ಓದುಗರಲ್ಲಿ ಒಂದು ವಿನಂತಿ. ಒಂದೇ ಕಡೆ ಮೂಗು ಕಟ್ಟಿ ಮೂರು ವಾರ ದಾಟಿದರೆ, ಕೆನ್ನೆ ಜೋಮು ಹಿಡಿದರೆ, ಹುಳುಕಿಲ್ಲದ ಹಲ್ಲು ಅಲುಗಾಡಿದರೆ ಮತ್ತೊಂದು ಸುತ್ತು ಮಾತ್ರೆ ಬೇಡ, ಎಂಡೋಸ್ಕೋಪಿ ಮಾಡಿ ನೋಡಿ ಎಂದು ಡಾಕ್ಟರನ್ನು ಕೇಳಿ. ಮೂಗಿನಿಂದ ಏನನ್ನೇ ತೆಗೆದರೂ ಅದರ ಪರೀಕ್ಷೆಯ ವರದಿಯನ್ನು ಕೈಗೆ ಪಡೆದೇ ಊರಿಗೆ ಮರಳಿ.