ಮೌಂಟ್ ಕೆನ್ಯಾ: ಎರಡನೇ ಸಲದ ರುಚಿ

ನೈರೋಬಿಗೆ ಕೆಲಸಕ್ಕೆಂದು ಬಂದ ನಮ್ಮವರು ಮೌಂಟ್ ಕೆನ್ಯಾವನ್ನು ಹರೆಯದ ಹುರುಪಿನಲ್ಲಿ ಒಮ್ಮೆ ಹತ್ತಿ, ಫೋಟೊ ತೆಗೆಸಿಕೊಂಡು, ಮರೆತುಬಿಡುತ್ತಾರೆ. ನನ್ನನ್ನು ಕೇಳಿದರೆ ಆ ಬೆಟ್ಟ ರುಚಿಸುವುದು ತಲೆ ನರೆತ ಮೇಲೆ, ಎರಡನೇ ಸಲ.

ಅವಸರದವರ ದಾರಿ ನಾರೊ ಮೊರು. 3,050 ಮೀಟರ್ ಎತ್ತರದ ಮೆಟ್ ಸ್ಟೇಷನ್‌ನಲ್ಲಿ ಬೆಳಿಗ್ಗೆ ಚಹಾ ಕುಡಿದು ಹೊರಟರೆ ಸಂಜೆಗೆ 4,200 ಮೀಟರಿನ ಮೆಕಿಂಡರ್ ಕ್ಯಾಂಪ್. (ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್!) ನಡುವೆ ‘ವರ್ಟಿಕಲ್ ಬಾಗ್’ ಎಂಬ ಜವುಗಿನ ಏರು. ಹುಲ್ಲುಗುಪ್ಪೆಯಿಂದ ಹುಲ್ಲುಗುಪ್ಪೆಗೆ ಕಾಲಿಡಬೇಕು. ಜಾರಿದರೆ ಕಣಕಾಲುದ್ದ ಕೊರೆಯುವ ಕೆಸರು. ಮೊದಲ ಸಲ ಜಿಗಿದು ದಾಟಿದ್ದ ಜಾಗವನ್ನು ಈ ಸಲ ಕೋಲೂರಿ, ಗೈಡ್ ತೋರಿಸಿದ ಕಡೆಗೇ ಹೆಜ್ಜೆಯಿಟ್ಟು ದಾಟಿದೆ.

ಈ ಸಲ ಕ್ಯಾಂಪಿನಲ್ಲಿ ಒಂದು ರಾತ್ರಿ ಹೆಚ್ಚಿಗೆ ಉಳಿದೆವು. ತೆಳುಗಾಳಿಗೆ ದೇಹ ಒಗ್ಗಲಿ ಎಂಬುದು ನೆಪ; ನಿಜವಾದ ಲಾಭ ಟೆಲೆಕಿ ಕಣಿವೆಯ ಲೊಬೀಲಿಯಾ ಗಿಡಗಳನ್ನು ಕೂತು ನೋಡಿದ್ದು. ಸುತ್ತುಸುತ್ತಾಗಿ ಜೋಡಿಸಿದ ಎಲೆಗಳ ಬಟ್ಟಲಿನಲ್ಲಿ ನೀರು ನಿಂತಿರುತ್ತದೆ. ರಾತ್ರಿ ಆ ನೀರಿನ ಮೇಲ್ಪದರ ಮಾತ್ರ ಹೆಪ್ಪುಗಟ್ಟಿ, ಕೆಳಗಿನ ಎಳೆ ಚಿಗುರು ಚಳಿಗೆ ಸುಡದೆ ಉಳಿಯುತ್ತದೆ. ಬೆಳಿಗ್ಗೆ ಬೆರಳಿನಿಂದ ಒತ್ತಿದರೆ ಆ ಮಂಜಿನ ಬಿಲ್ಲೆ ಹಪ್ಪಳದ ಹಾಗೆ ಮುರಿಯಿತು. ಮೊದಲ ಸಲ ಇವುಗಳ ಪಕ್ಕದಲ್ಲೇ ಓಡಿ ಹೋಗಿದ್ದೆವು.

ಮೇಲೆ ಆಸ್ಟ್ರಿಯನ್ ಹಟ್‌ನಲ್ಲಿ ನಿಂತಾಗ ಮಾತ್ರ ಎದೆ ಧಸಕ್ಕೆಂದಿತು. ಎದುರಿಗೆ ಹರಡಿದ್ದ ಲೂಯಿಸ್ ಹಿಮನದಿ ಈಗ ಬಂಡೆಗೆ ಅಂಟಿದ ಕೊಳಕು ತೇಪೆ. 1934ರಿಂದ 2010ರೊಳಗೇ ಅದರ ಗಾತ್ರದ ಸುಮಾರು ಶೇ 90ರಷ್ಟು ಕರಗಿತ್ತು. ಬಿಸಿ ಏರಿದ್ದಷ್ಟೇ ಕಾರಣವಲ್ಲ. ಹಿಮ ಬೀಳುವುದು ಕಡಿಮೆಯಾದರೆ ಮೇಲ್ಮೈ ಕಪ್ಪಾಗಿ, ಬಿಸಿಲನ್ನು ಇನ್ನಷ್ಟು ಹೀರುತ್ತದೆ. ಆಫ್ರಿಕಾದ ವಿಶ್ವಪರಂಪರೆ ತಾಣಗಳ ಹಿಮನದಿಗಳು 2050ರೊಳಗೆ ಇಲ್ಲವಾಗಲಿವೆ ಎಂದು 2022ರಲ್ಲಿ ಯುನೆಸ್ಕೊ ಹೇಳಿದೆ. ಮೌಂಟ್ ಕೆನ್ಯಾವೂ ಆ ಪಟ್ಟಿಯಲ್ಲಿದೆ.

ಅತಿ ಎತ್ತರದ ಬಟಿಯಾನ್ (5,199 ಮೀಟರ್) ಹಗ್ಗ ಹಿಡಿದು ಬಂಡೆ ಏರುವವರಿಗೆ. 1899ರಲ್ಲಿ ಮೊದಲು ಏರಿದವನು ಮೆಕಿಂಡರ್. ನಮ್ಮಂಥ ನಡೆಯುವವರಿಗೆ 4,985 ಮೀಟರಿನ ಲೆನಾನಾ ತುದಿಯೇ ಸಾಕು.

ಹಿಂದೊಮ್ಮೆ ಹತ್ತಿದವರು ಇನ್ನೊಮ್ಮೆ ಹೊರಡಿ, ಮುಂದೂಡಬೇಡಿ. ಜನವರಿ, ಫೆಬ್ರುವರಿ ಒಳ್ಳೆಯ ಕಾಲ; ಮಾರ್ಚ್ ಕಳೆಯುವುದರೊಳಗೆ ದೊಡ್ಡ ಮಳೆ ಹಿಡಿಯುತ್ತದೆ. ಮೊಣಕಾಲು ಕೈಕೊಡುವುದು ಇಳಿಯುವಾಗ, ಆದ್ದರಿಂದ ಕೋಲು ಒಂದಲ್ಲ, ಎರಡಿರಲಿ.